ಏಳನೆಯ ಧರ್ಮತಂದೆ

ಅಥವಾ ನಾನು ಕೂಗಲೇ ಇಲ್ಲವೇನೋ. ಪಿಸುಗುಟ್ಟಿದ್ದನ್ನು ನೆನಪೇ ಇಷ್ಟು ವರ್ಷಗಳಲ್ಲಿ ಕೂಗಾಗಿ ಬೆಳೆಸಿರಬಹುದು. ಸಿಂಗಪುರದ ಒಂದು ಚರ್ಚಿನಲ್ಲಿ, ಪಾದ್ರಿ ಮಗುವಿನ ತಲೆಗೆ ನೀರು ಹಾಕಿ ಇನ್ನೂ ಕೈ ಒರೆಸಿಕೊಳ್ಳುತ್ತಿದ್ದಾಗ, ಕೊರಳಲ್ಲಿ ಲಿಂಗ ಕಟ್ಟಿಕೊಂಡಿದ್ದ ನಾನು "ಎಷ್ಟು ದಿನದಿಂದ?" ಎಂದು ಕೇಳಿದ್ದು ಮಾತ್ರ ಖಂಡಿತ. ಎಷ್ಟು ಜೋರಾಗಿ ಎಂಬುದಕ್ಕೆ ಸಾಕ್ಷಿ ಇಲ್ಲ.

ಆಗ ನನ್ನ ಆಫೀಸು ರಾಫೆಲ್ಸ್ ಪ್ಲೇಸಿನಲ್ಲಿತ್ತು. ಟುವಾಸ್‌ನ ಒಂದು ದೊಡ್ಡ ಗೋದಾಮಿನ ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದನ್ನು ಕೂರಿಸುವ ಕೆಲಸ. ನನ್ನ ಟೀಮಿನಲ್ಲಿ ಆರು ಜನ, ಎಲ್ಲರೂ ಫಿಲಿಪೀನ್ಸ್‌ನವರು. ಹೊಸದಕ್ಕೆ ಬದಲಾಗುವ ಶನಿವಾರ ಗೋದಾಮು ನಿಂತುಹೋದರೆ ನಮ್ಮ ಏಳೂ ಜನರ ವರ್ಕ್ ಪಾಸ್, ಅಂದರೆ ಅಲ್ಲಿ ಕೆಲಸ ಮಾಡುವ ಪರವಾನಗಿ, ಮುಂದುವರಿಯುವುದಿಲ್ಲ ಎಂದು ನನ್ನ ಮೇಲಧಿಕಾರಿ, ಸಿಂಗಪುರದವರೇ ಆದ ಒಬ್ಬ ಮೇಡಂ, ಕಾಫಿ ಕೊಟ್ಟು ಕೂರಿಸಿಕೊಂಡು ಹೇಳಿದ್ದರು.

ಹಾಗಾಗಿ ದಿನಾ ಬೆಳಿಗ್ಗೆ ಮೀಟಿಂಗಿನಲ್ಲಿ ಕೇಳುತ್ತಿದ್ದೆ:

"ಏನಾದ್ರೂ ಪ್ರಾಬ್ಲಮ್ ಇದ್ಯಾ?"

"ಓಕೆ ಸರ್."

"ಟೆಸ್ಟಿಂಗು?"

"ಓಕೆ ಸರ್."

ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದದ್ದು. ನನಗೆ ಅದು ಕನ್ನಡದಲ್ಲಿ ನೆನಪಾಗುತ್ತದೆ. ಇದೂ ನಂಬಲು ಯೋಗ್ಯವಲ್ಲದ ಇನ್ನೊಂದು ಸಂಗತಿ. ಕೆಲಸದ ಸ್ಥಿತಿ ತೋರಿಸುವ ಗೋಡೆಯ ಪಟ್ಟಿಯಲ್ಲಿ ಎಲ್ಲ ಸಾಲುಗಳೂ ಹಸಿರಾಗಿದ್ದವು, ಅಂದರೆ ಎಲ್ಲವೂ ಸರಿ. ಸಾಫ್ಟ್‌ವೇರ್ ಕೆಲಸದಲ್ಲಿ ಅಷ್ಟೊಂದು ಹಸಿರು ಇರುವುದಿಲ್ಲ ಎಂದು ಗೊತ್ತಿದ್ದೂ ಅದನ್ನು ನೋಡಿ ಖುಷಿಪಡುತ್ತಿದ್ದೆ.

ಹಸಿರಿಗೆ ಕಾರಣ ನಾನೇ. ಮೊದಲ ವಾರ, ಟೆಸ್ಟಿಂಗ್ ನೋಡಿಕೊಳ್ಳುವವನು ತನ್ನದೇ ಒಂದು ತಪ್ಪನ್ನು ಮೀಟಿಂಗಿನಲ್ಲಿ ಹೇಳಿಕೊಂಡಾಗ, "ಏನಪ್ಪಾ, ನಿದ್ದೆ ಮಾಡ್ಕೊಂಡು ಬರೆದ್ಯಾ?" ಎಂದು ಎಲ್ಲರ ಮುಂದೆ ನಕ್ಕಿದ್ದೆ. ಬೆಂಗಳೂರಿನ ಆಫೀಸಿನಲ್ಲಿ ಇದು ಸಲುಗೆ. ಅವನೂ ನಕ್ಕ, ಉಳಿದವರೂ ನಕ್ಕರು. ಟೀಮು ಒಂದಾಯಿತು ಎಂದುಕೊಂಡೆ. ನಾಲ್ಕು ಜನರ ಮುಂದೆ ಮುಖ ಕೆಳಗಾಗುವುದು ಅವರಲ್ಲಿ ಎಷ್ಟು ದೊಡ್ಡ ಗಾಯ, ಆ ನಗು ಗಾಯಕ್ಕೆ ಹಾಕಿದ ಬಟ್ಟೆ ಎಂಬುದು ತಿಳಿಯಲು ನಾನು ಚರ್ಚಿಗೆ ಹೋಗಬೇಕಾಯಿತು.

ಬದಲಾವಣೆಯ ಆ ಶನಿವಾರಕ್ಕೆ ಎರಡು ವಾರ ಉಳಿದಿದ್ದಾಗ ಅದೇ ಟೆಸ್ಟಿಂಗಿನವನು ನನ್ನ ಮೇಜಿನ ಹತ್ತಿರ ಬಂದು ನಿಂತ. "ಸರ್, ನನ್ನ ಮಗಳ ಬ್ಯಾಪ್ಟಿಸಮ್ಮು. ನೀವು ಅವಳ ನಿನೊಂಗ್ ಆಗ್ಬೇಕು." ನಿನೊಂಗ್ ಎಂದರೆ ಧರ್ಮತಂದೆ. ನಾನು ನಾಮಕರಣಕ್ಕೆ ಹೋಗಿ ತೊಟ್ಟಿಲು ತೂಗಿ ಬರುವಂಥದ್ದು ಎಂದುಕೊಂಡು ಒಪ್ಪಿದೆ.

ಆ ಭಾನುವಾರ ಬೆಳಿಗ್ಗೆ ಕಲ್ಲಾಂಗ್‌ನ ನಮ್ಮ ಮನೆಯಲ್ಲಿ ಧಾರವಾಡದವಳಾದ ಹೆಂಡತಿ ನನ್ನ ಅಂಗಿಯ ಗುಂಡಿ ಹಾಕುತ್ತ ಹೇಳಿದಳು: "ಕೊರಳಾಗ ಲಿಂಗ, ಕೈಯಾಗ ಮೇಣದಬತ್ತಿ. ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಫೋಟೋ ಮಾತ್ರ ನಮ್ಮವ್ವನ ವಾಟ್ಸ್ಯಾಪಿಗೆ ಹಾಕಬ್ಯಾಡ್ರಿ."

ಚರ್ಚಿನ ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಂಕಲ್, ನೀವು ಕ್ರಿಶ್ಚಿಯನ್ನಾ?"

"ಅಲ್ಲ."

"ಹಾಗಾದ್ರೆ ಪುಸ್ತಕದಲ್ಲಿ ಬರೆಯೋಕಾಗಲ್ಲ ಲಾ," ಎಂದರು, ಸಿಂಗಪುರದವರ ಮಾತಿನ ಬಾಲ ಸೇರಿಸಿ. "ನಿಲ್ಲಬಹುದು."

ನಿಲ್ಲುವವರು ಈಗಾಗಲೇ ಆರು ಜನ ಇದ್ದರು. ಒಂದು ಮಗುವಿಗೆ ಅಷ್ಟು ಮಂದಿ ಧರ್ಮತಂದೆ, ಧರ್ಮತಾಯಿಯರು. ಪುಸ್ತಕದಲ್ಲಿ ಹೆಸರಿಲ್ಲದ ನಾನು ಏಳನೆಯವನು. ಸೈತಾನನನ್ನು ತಿರಸ್ಕರಿಸುತ್ತೀರಾ ಎಂದು ಪಾದ್ರಿ ಕೇಳಿದಾಗ ಎಲ್ಲರೂ ಒಂದೇ ಸ್ವರದಲ್ಲಿ ಹೌದು ಎಂದರು. ನಮ್ಮ ಬೆಳಗಿನ ಮೀಟಿಂಗಿನ ಹಾಗೇ ಇತ್ತು. ನಾನೂ ಹೌದು ಎಂದೆ. ಸೈತಾನನ ವಿಷಯದಲ್ಲಿ ನನಗೆ ತಕರಾರಿರಲಿಲ್ಲ.

ನೀರು ಬಿತ್ತು. ಮಗು ಕಿರುಚಿತು. ಮಗುವಿನ ತಂದೆ ನನ್ನ ಕಡೆ ಬಾಗಿ, ಮೊದಲ ಬಾರಿಗೆ ಸರ್ ಎನ್ನದೆ ಕರೆದ. "ಪಾರೆ," ಎಂದ. ಮಗುವಿನ ತಂದೆಯೂ ಧರ್ಮತಂದೆಯೂ ಒಬ್ಬರನ್ನೊಬ್ಬರು ಕರೆಯುವ ಮಾತದು. ಹೆಚ್ಚುಕಡಿಮೆ ಬೀಗರೇ ಎಂದ ಹಾಗೆ.

"ಪಾರೆ, ಟೆಸ್ಟ್ ಪಾಸ್ ಆಗಿಲ್ಲ."

"ಯಾವ್ ಟೆಸ್ಟು?"

"ಎಲ್ಲಾ."

ಆಗಲೇ ನಾನು "ಎಷ್ಟು ದಿನದಿಂದ?" ಎಂದು ಕೂಗಿದ್ದು, ಕೂಗಿದ್ದೇ ಆದರೆ. ಪಾದ್ರಿ ತಿರುಗಿ ನೋಡಿದರು. ಪಕ್ಕದಲ್ಲಿದ್ದ ಧರ್ಮತಾಯಿಯೊಬ್ಬರು ನನ್ನ ಮೊಣಕೈ ಹಿಡಿದು ಸಮಾಧಾನಪಡಿಸಿದರು. ಭಕ್ತಿ ಹೆಚ್ಚಾಗಿದೆ ಎಂದುಕೊಂಡಿರಬೇಕು.

ಊಟ ಅವರ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್ಕಿನಲ್ಲಿ, ಕಂಬಗಳ ನಡುವಿನ ತೆರೆದ ಜಾಗದಲ್ಲಿ. ಗೌರವದ ಕುರ್ಚಿ ಎಂದು ಇಡಿಯಾಗಿ ಸುಟ್ಟಿದ್ದ ಹಂದಿಯ ಮುಖದ ಎದುರೇ ನನ್ನನ್ನು ಕೂರಿಸಿದರು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದವನು ನಾನು. ಅದರ ಕಣ್ಣು ತಪ್ಪಿಸಿಕೊಂಡು ಬಾಳೆಹಣ್ಣಿನ ಕರಿದ ಸುರುಳಿ ತಿನ್ನುತ್ತಿದ್ದಾಗ ಟೀಮಿನವರು ಒಬ್ಬೊಬ್ಬರೇ ತಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂತರು.

"ನಿನೊಂಗ್, ಹಳೇ ಡೇಟಾ ಅರ್ಧ ಬಂದಿಲ್ಲ."

"ನೀವೂ ನನ್ನನ್ನ ನಿನೊಂಗ್ ಅಂತೀರಲ್ಲ, ನಿಮಗೆ ನಾನೇನು?"

"ಈಗ ಎಲ್ರಿಗೂ ನಿನೊಂಗೇ. ಬಾರ್‌ಕೋಡ್ ಸ್ಕ್ಯಾನರೂ ಕೆಲಸ ಮಾಡ್ತಿಲ್ಲ."

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಮೊದ್ಲು ನೀವು ಸರ್ ಆಗಿದ್ರಿ."

ಬರೆದುಕೊಳ್ಳಲು ಏನೂ ಇರಲಿಲ್ಲ. ಕಾಗದದ ತಟ್ಟೆಯ ಹಿಂದೆ ಬರೆದೆ. ತಟ್ಟೆ ತುಂಬಿತು, ಇನ್ನೊಂದು ತಂದುಕೊಟ್ಟರು. ಒಟ್ಟು ಮೂರು ತಟ್ಟೆ ಎಂದು ನನ್ನ ನೆನಪು. ಹೆಂಡತಿ ಎರಡೇ ಎನ್ನುತ್ತಾಳೆ, ಅವಳು ಬಂದಿರಲೇ ಇಲ್ಲ.

ಸೋಮವಾರ ತಟ್ಟೆಗಳನ್ನು ಕೈಚೀಲದಲ್ಲಿಟ್ಟುಕೊಂಡು ಮೇಡಂ ಮುಂದೆ ಕೂತೆ. ಬದಲಾವಣೆಯನ್ನು ಒಂದು ತಿಂಗಳು ಮುಂದೂಡಬೇಕು ಎಂದೆ.

"ಶುಕ್ರವಾರ ಎಲ್ಲ ಗ್ರೀನ್ ಇತ್ತಲ್ಲ? ಗ್ರೀನ್ ಮಾಡಿದ್ದು ಯಾರು?"

ಆರು ಹೆಸರುಗಳೂ ನನ್ನ ನಾಲಿಗೆಯ ಮೇಲಿದ್ದವು. ಒಂದು ಹೇಳಿದ್ದರೆ ನನ್ನ ಪಾಸಿಗೆ ಅಪಾಯವಿರುತ್ತಿರಲಿಲ್ಲ. "ನಾನೇ ಮಾಡ್ದೆ," ಎಂದೆ. ಧೈರ್ಯವಲ್ಲ. ಮುಖ ಕೆಳಗಾಗುವುದು ಒಬ್ಬನದೇ ಆದರೆ ಲೆಕ್ಕ ಸುಲಭ ಎಂದು ಆ ಕ್ಷಣಕ್ಕೆ ಅನ್ನಿಸಿರಬಹುದು. ಅಥವಾ ಈಗ ಹಾಗೆ ಅನ್ನಿಸುತ್ತಿರಬಹುದು. ಮೇಡಂ ತಿಂಗಳ ಗಡುವು ಕೊಟ್ಟರು.

ಮರುದಿನದ ಮೀಟಿಂಗಿನಲ್ಲಿ ಪಟ್ಟಿ ಪೂರ್ತಿ ಕೆಂಪು. ಒಬ್ಬೊಬ್ಬರೂ ಎದ್ದು ತಮ್ಮ ಕೆಂಪನ್ನು ವಿವರಿಸಿದರು. ನಾನು ನಗಲಿಲ್ಲ. ತಿಂಗಳ ಕೊನೆಗೆ ಗೋದಾಮು ನಿಲ್ಲದೆ ಹೊಸದಕ್ಕೆ ದಾಟಿತು. ಅಷ್ಟರಲ್ಲಿ ನಾನು ಇನ್ನೂ ಎರಡು ಮಕ್ಕಳಿಗೆ ನಿನೊಂಗ್ ಆಗಿದ್ದೆ. ಅವುಗಳಲ್ಲಿ ಒಂದು ಇನ್ನೂ ಹುಟ್ಟಿರಲಿಲ್ಲ.

ಆಮೇಲೆ ಆ ಮೊದಲ ಮಗುವಿನ ತಂದೆ ಕುಟುಂಬ ಸಮೇತ ಬೇರೆ ದೇಶಕ್ಕೆ ಹೋದ. ಅವನು ನನ್ನನ್ನು ನಂಬಿ ಧರ್ಮತಂದೆ ಮಾಡಿದನೋ, ನಂಬಿಕೆ ಇಲ್ಲದ್ದರಿಂದಲೇ, ಕೆಟ್ಟ ಸುದ್ದಿ ಹೇಳಲು ಬೇರೆ ದಾರಿ ಕಾಣದೆ ಮಾಡಿದನೋ, ನಾನು ಕೇಳಲಿಲ್ಲ. ನನಗೆ ಗೊತ್ತಿಲ್ಲ.