ಕಾರು ನಿಲ್ಲಿಸಿ ಎಂದ ಜವರಪ್ಪ

ಬೆಳಗಿನ ಐದೂವರೆ. ಅರಸೀಕೆರೆಯ ಹೊರವಲಯದ ತಗಡಿನ ಶೆಡ್ಡಿನಲ್ಲಿ ಜವರಪ್ಪ ನೆಲದ ಮೇಲೆ ಕೂತಿದ್ದಾರೆ. ಎದುರಿಗೆ ಬಾಗಿಲು, ಗಾಜು, ಎಂಜಿನ್ ಯಾವುದೂ ಇಲ್ಲದ ಕಾರಿನ ಬರಿಯ ಮೈ. ಅದರೊಳಗೆ ಕಬ್ಬಿಣದ ಪೈಪುಗಳ ಪಂಜರ. ರೇಸಿನಲ್ಲಿ ಕಾರು ಪಲ್ಟಿ ಹೊಡೆದರೆ ಒಳಗಿರುವ ಜೀವವನ್ನು ಕಾಯುವುದು ಈ ಪಂಜರವೇ. ನಿನ್ನೆ ಬೆಸೆದ ಜಾಯಿಂಟಿಗೆ ಅವರು ಸೀಮೆಎಣ್ಣೆ ಸವರುತ್ತಾರೆ. ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸುತ್ತಾರೆ. ಬಿರುಕಿದ್ದರೆ ಒಳಗಿಳಿದ ಎಣ್ಣೆ ಮೇಲೆದ್ದು ಬಿಳಿ ಪುಡಿಯಲ್ಲಿ ಗೆರೆ ಮೂಡುತ್ತದೆ.

ಗೆರೆ ಮೂಡಲಿಲ್ಲ. "ಇದು ಇಪ್ಪತ್ತೊಂಬತ್ತನೇದು. ಇನ್ನೂ ಹದಿಮೂರು ಐತೆ," ಎಂದು ನನಗೆ ಹೇಳುತ್ತಾ ಮುಂದಿನದಕ್ಕೆ ಸರಿಯುತ್ತಾರೆ.

ಗಂಡಸಿಯವರಾದ ಜವರಪ್ಪನವರಿಗೆ ಈಗ ಅರವತ್ತೊಂದು. ಹದಿನೈದನೇ ವಯಸ್ಸಿಗೆ ವೆಲ್ಡಿಂಗ್ ಕಲಿತವರು. ಬೆಳಿಗ್ಗೆ ಎರಡು ಗಂಟೆ ರೇಸ್ ಕಾರು, ಆಮೇಲೆ ಸಂಜೆಯವರೆಗೆ ಲಾರಿ, ಟ್ರ್ಯಾಕ್ಟರ್, ಟ್ರೈಲರ್. ಏಳು ವರ್ಷಗಳಿಂದ ಅವರು ಒಂದು ಸಣ್ಣ ರೇಸಿಂಗ್ ತಂಡದ ಮೆಕ್ಯಾನಿಕ್. ಮಣ್ಣಿನ ಟ್ರ್ಯಾಕಿನಲ್ಲಿ ಓಡುವ ತಂಡದ ಒಡೆಯ ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಇಂದ್ರೇಶ್. ಕಾರು ಓಡಿಸುವವರು ಹಗರೆಯ ಹೇಮಲತಾ. ಉಳಿದ ದಿನಗಳಲ್ಲಿ ಆಕೆ ಹಾಲಿನ ಕ್ಯಾನುಗಳ ಪಿಕಪ್ ಓಡಿಸುತ್ತಾರೆ. ಫಲಿತಾಂಶದ ಪಟ್ಟಿಯಲ್ಲಿ ಇವರಿಬ್ಬರ ಹೆಸರು ಇರುತ್ತದೆ. ಜವರಪ್ಪನವರ ಹೆಸರು ಎಲ್ಲಿಯೂ ಇಲ್ಲ.

ಕಳೆದ ಸಾಲಿನಲ್ಲಿ ತಂಡಕ್ಕೆ ಏನೂ ಒಲಿಯಲಿಲ್ಲ. ಆರು ರೇಸುಗಳ ಪೈಕಿ ನಾಲ್ಕು ಮುಗಿದಿದ್ದವು. ಎರಡರಲ್ಲಿ ಕಾರು ಅರ್ಧಕ್ಕೇ ನಿಂತಿತ್ತು. ಇನ್ನೆರಡರಲ್ಲಿ ಸಿಕ್ಕಿದ್ದು ಹನ್ನೊಂದನೇ ಮತ್ತು ಹದಿನಾಲ್ಕನೇ ಸ್ಥಾನ. ಹೊಸ ಕಾರಿನ ಮೈ ಟಾರ್ಪಾಲಿನ ಕೆಳಗೆ ಬಿದ್ದಿತ್ತು. ಹಳೆಯದನ್ನು ರಿಪೇರಿ ಮಾಡುವುದರಲ್ಲೇ ದಿನ ಕಳೆದು, ಹೊಸದಕ್ಕೆ ಕೈ ಹಚ್ಚಲು ಬಿಡುವೇ ಇರಲಿಲ್ಲ. ಆದರೂ ಎಲ್ಲರ ಮನಸ್ಸು ಕೊನೆಯ ರೇಸಿನ ಮೇಲಿತ್ತು. ಅದು ನಡೆಯುವುದು ಹಳೇಬೀಡಿನ ಬಳಿ, ಹೇಮಲತಾ ಅವರ ಊರಿನ ಪಕ್ಕದಲ್ಲೇ.

ನಾಲ್ಕನೇ ರೇಸಿನ ನಂತರ ಕಾರು ತೊಳೆದಾಗ, ಮುಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗದಲ್ಲಿ ಬಿರುಕು ಕಂಡಿತು. ಅಲ್ಲಿ ಹಿಂದೆಯೇ ಎರಡು ಬಾರಿ ಬೆಸುಗೆಯಾಗಿತ್ತು. ಆ ಭಾನುವಾರ ಮೂವರೂ ಶೆಡ್ಡಿನಲ್ಲಿ ಸೇರಿದರು.

"ಇನ್ನೊಂದ್ಸಲ ವೆಲ್ಡ್ ಮಾಡಿ ಜವರಣ್ಣ. ಎರಡೇ ರೇಸು. ಆಮೇಲೆ ಹೊಸದಕ್ಕೆ ಕೈ ಹಾಕೋಣ," ಎಂದರು ಇಂದ್ರೇಶ್.

"ಹಳೇಬೀಡಿಂದು ಒಂದಾದ್ರೂ ಓಡಿಸ್ತೀನಿ," ಎಂದರು ಹೇಮಲತಾ. "ಊರೋರೆಲ್ಲ ಬತ್ತಾರೆ. ಏಳು ವರ್ಷದಲ್ಲಿ ನಮ್ಮಪ್ಪ ಒಂದು ಸಲಾನೂ ನೋಡಿಲ್ಲ."

ಜವರಪ್ಪ ಬಿರುಕನ್ನು ಮತ್ತೊಮ್ಮೆ ಬಗ್ಗಿ ನೋಡಿದರು. ಆಮೇಲೆ ಹೇಳಿದರು: "ವೆಲ್ಡಿಂಗ್ ಮಾಡ್ಬೋದು ಕಣವ್ವ. ಹಿಡಿತದೆ ಅಂತ ಹೇಳಕ್ಕೆ ನನ್ ಕೈಲಾಗಲ್ಲ. ಇದನ್ನ ನಿಲ್ಸಿ ಇಂದ್ರೇಶಪ್ಪಾರೇ. ಇವತ್ತಿಂದ ಹೊಸದು ಶುರು ಮಾಡಿದ್ರೆ ಮುಂದಿನ ಸಾಲಿಗೆ ಒಂದು ಒಳ್ಳೆ ಕಾರು ಕೊಡ್ತೀನಿ. ಎರಡನ್ನೂ ಹಿಡ್ಕಂಡ್ರೆ ಎರಡೂ ಕೆಡ್ತವೆ."

ಇಂದ್ರೇಶ್ ಒಪ್ಪಲಿಲ್ಲ. ಎರಡು ರೇಸ್ ಬಿಟ್ಟರೆ ತಂಡ ಮುಚ್ಚಿತೆಂದು ಜನ ಆಡಿಕೊಳ್ಳುತ್ತಾರೆ ಎಂದರು. ಆಗ ಜವರಪ್ಪ, ಅಲ್ಲಿಯವರೆಗೆ ಇಬ್ಬರಿಗೂ ಹೇಳದ ಸಂಗತಿಯೊಂದನ್ನು ಹೇಳಿದರು. ಇಪ್ಪತ್ತಮೂರು ವರ್ಷದ ಹಿಂದೆ, ರಾಗಿ ಕೊಯ್ಲಿನ ಕಾಲದಲ್ಲಿ, ಉಗ್ರಪ್ಪ ಎಂಬವರು ಬಿರುಕುಬಿಟ್ಟ ಟ್ರೈಲರ್ ತಂದಿದ್ದರು. ಕಬ್ಬಿಣ ದಣಿದಿದೆ, ಬೆಸುಗೆ ನಿಲ್ಲುವುದಿಲ್ಲ ಎಂದು ಜವರಪ್ಪನವರಿಗೆ ಗೊತ್ತಿತ್ತು. ಆತ ಅವಸರ ಮಾಡಿದರೆಂದು ಬೆಸೆದು ಕಳಿಸಿದರು. ಮಾಲೇಕಲ್ಲಿನ ಕಡೆಯ ಇಳಿಜಾರಿನಲ್ಲಿ ಅದೇ ಬೆಸುಗೆ ಬಿಟ್ಟಿತು. ಉಗ್ರಪ್ಪನವರು ಒಂದು ಕಾಲು ಕಳೆದುಕೊಂಡರು.

"ಅವ್ರು ನನ್ನ ಒಂದು ಮಾತೂ ಬೈಲಿಲ್ಲ," ಎಂದು ಈಗ ನನಗೂ ಹೇಳಿ ಜವರಪ್ಪ ಕೈ ಒರೆಸಿಕೊಳ್ಳುತ್ತಾರೆ. "ಬೈದಿದ್ರೆ ವಾಸಿಯಾಗಿತ್ತು. ಆಸ್ಪತ್ರೆಲಿ ಮಲ್ಕಂಡೇ, ನೀ ಊಟ ಮಾಡಿದ್ಯೇನ್ಲಾ ಅಂದ್ರು."

ಮಾತು ಮುಗಿಸಿ ಅವರು ಹೇಮಲತಾ ಅವರನ್ನು ಕಾರಿನ ಬಳಿ ಕರೆದು, ಬೆರಳು ಹಿಡಿದು ಬಿರುಕಿನ ಮೇಲೆ ಆಡಿಸಿದರು. ಅದು ಅಂಗೈಯುದ್ದ ಇತ್ತು. ಹೇಮಲತಾ ಬಹಳ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ, "ಹದಿಮೂರನೇ ನಂಬರ್ ಸ್ಪ್ಯಾನರ್ ಕೊಡಿ," ಎಂದರು. ತಾವೇ ಒಳಗೆ ಬಗ್ಗಿ, ತಮ್ಮ ಮೈಯಳತೆಗೆ ಹೊಂದಿಸಿದ್ದ ಸೀಟಿನ ನಾಲ್ಕೂ ಬೋಲ್ಟ್ ಬಿಚ್ಚಿದರು. ಸೀಟನ್ನು ಎತ್ತಿ ತಂದು ಹೊಸ ಕಾರಿನ ಪಕ್ಕದಲ್ಲಿಟ್ಟರು. ಇಂದ್ರೇಶ್ ಮತ್ತೆ ಆ ಮಾತು ಎತ್ತಲಿಲ್ಲ.

ಹಳೇಬೀಡಿನ ರೇಸಿಗೆ ಮೂವರೂ ಪ್ರೇಕ್ಷಕರಾಗಿ ಹೋದರು. ಹಗರೆಯಿಂದ ಬಂದವರಿಗೆಲ್ಲ ಹೇಮಲತಾ ಒಬ್ಬೊಬ್ಬರಿಗೂ ಕಾರಣ ಹೇಳಬೇಕಾಯಿತು. ಹೆದರಿಕೊಂಡಳು ಎಂದು ಯಾರೋ ಹಿಂದೆ ನಿಂತು ನಕ್ಕರು. ಹೇಮಲತಾ ಅವರ ತಂದೆ ರೇಸ್ ಮುಗಿಯುವವರೆಗೂ ಮಗಳ ಪಕ್ಕದಲ್ಲಿ ನಿಂತಿದ್ದು ಬಸ್ಸಿಗೆ ಹೊರಟರು.

"ಆ ನಗು ನನ್ ಪಾಲಿಗೆ ಬರ್ಬೇಕಿತ್ತು. ಪಾಪ, ಆಯಮ್ಮನ ಪಾಲಿಗೆ ಬಂತು," ಎನ್ನುತ್ತಾರೆ ಜವರಪ್ಪ. ಆ ಕಾರು ಓಡಿದ್ದರೆ ಏನಾಗುತ್ತಿತ್ತು ಎಂದು ಕೇಳುತ್ತೇನೆ. "ಏನೂ ಆಗ್ದೆ ಇರ್ಬೋದಿತ್ತು. ಅದು ನನಗೂ ಗೊತ್ತು. ಅದಕ್ಕೇ ಅವತ್ತು ಹೇಳೋದು ಕಷ್ಟ ಆಯ್ತು."

ತಂಡ ಆ ಸಾಲನ್ನು ಪಟ್ಟಿಯ ತಳದಲ್ಲಿ ಮುಗಿಸಿತು. ಹೊಸ ಸಾಲಿನ ಮೊದಲ ರೇಸಿಗೆ ಇನ್ನು ಏಳು ವಾರ. ಪಂಜರ ಮುಗಿಯಬೇಕು, ಎಂಜಿನ್ ಕೂರಬೇಕು, ಬಣ್ಣ ಆಗಬೇಕು. ಇದು ಗೆಲ್ಲುವ ಕಾರೇ ಎಂದು ಕೇಳಿದರೆ ಅವರು ಅಡ್ಡಡ್ಡ ತಲೆಯಾಡಿಸುತ್ತಾರೆ.

"ಗೆಲ್ಲೋದು ಓಡ್ಸೋರಿಗೆ ಬಿಟ್ಟಿದ್ದು. ನನ್ನ ಆಸೆ ಬೇರೆ. ರೇಸ್ ದಿನ ಮೊದಲಿಂದ ಕೊನೇವರ್ಗೂ ಯಾರೂ ನನ್ನ ಕೂಗ್ಬಾರ್ದು," ಎಂದು ವೆಲ್ಡಿಂಗಿನ ಮುಖಗವಸು ಕೈಗೆತ್ತಿಕೊಳ್ಳುತ್ತಾರೆ. "ಟೂಲ್ ಬಾಕ್ಸ್ ಮುಚ್ಚಳ ತೆಗೀದಂಗೆ ಮನೆಗೆ ಬರ್ಬೇಕು."