ಕಪ್ಪಾದ ಮೂರು ಲೇಬಲ್‌ಗಳು

2022ರಲ್ಲಿ ನಾನು ಕೊಲ್ಹಾಪುರದ ಒಂದು ಅಂಗಡಿಯಲ್ಲಿ ಬಾರ್‌ಕೋಡ್ ಯಂತ್ರಗಳ ಸಲಹೆಗಾರನಾಗಿದ್ದೆ. ಯಾವ ವ್ಯವಹಾರಕ್ಕೆ ಯಾವ ಪ್ರಿಂಟರ್, ಯಾವ ಸ್ಕ್ಯಾನರ್ ಎಂದು ಹೇಳಿ, ಕೂಡಿಸಿ ಕೊಡುವುದು ನನ್ನ ಕೆಲಸ. ಗಿರಾಕಿಗಳು ಬಹುತೇಕ ಇಚಲಕರಂಜಿಯ ಬಟ್ಟೆ ವ್ಯಾಪಾರಿಗಳು. ಅವರಿಗೆಲ್ಲ ಡೈರೆಕ್ಟ್ ಥರ್ಮಲ್ ಪ್ರಿಂಟರನ್ನೇ ಕೊಡುತ್ತಿದ್ದೆ. ಅದಕ್ಕೆ ಶಾಯಿಯ ರಿಬ್ಬನ್ ಬೇಡ. ಬಿಸಿ ತಗುಲಿದಲ್ಲಿ ಕಾಗದವೇ ಕಪ್ಪಾಗಿ ಅಕ್ಷರ ಮೂಡುತ್ತದೆ. ಸೀರೆಯ ಡಬ್ಬಿಗೆ ಅಷ್ಟು ಸಾಕು.

ಆ ಮಳೆಗಾಲದಲ್ಲಿ ಗಡಹಿಂಗ್ಲಜದ ಒಂದು ಸಣ್ಣ ಆಸ್ಪತ್ರೆಯ ಲ್ಯಾಬಿಗೂ ಅದನ್ನೇ ಕೂಡಿಸಿದೆ. ಅಲ್ಲಿಯ ಟೆಕ್ನಿಷಿಯನ್ ಸುನಂದಾ ಪ್ರತಿ ರಕ್ತದ ಟ್ಯೂಬಿನ ಮೇಲೆ ಪೆನ್ನಿನಿಂದ ರೋಗಿಯ ಊರಿನ ಹೆಸರು ಬರೆಯುತ್ತಿದ್ದರು. ಒಂದೇ ದಿನ ನಾಲ್ವರು ಪಾಟೀಲರು ಬರುವ ಸೀಮೆ ಅದು, ಊರೇ ಗುರುತು.

“ಇನ್ನ ಪೆನ್ ಯಾಕ್ರಿ ಮೇಡಂ? ಮಷೀನ್ ಬಂದೈತಲ್ಲ,” ಎಂದೆ.

“ನಿಮ್ಮ ಮಷೀನಿಗೆ ಚಂದಗಡ ಎಲ್ಲೈತಿ ಗೊತ್ತೇನ್ರಿ?” ಎಂದು ನಕ್ಕರು. ಆದರೂ ಬರೆಯುವುದನ್ನು ಬಿಟ್ಟರು.

ಮೂರನೇ ವಾರ ಸ್ಕ್ಯಾನರ್ ಸರಿಪಡಿಸಲು ಹೋಗಿದ್ದೆ. ಬೆಳಗಿನ ಹನ್ನೊಂದು ಗಂಟೆ. ಮೇಲಿನ ವಾರ್ಡಿನಲ್ಲಿ ಚಂದಗಡದ ಹೆಂಗಸೊಬ್ಬರಿಗೆ ಹೆರಿಗೆಯಾಗಿ ರಕ್ತಸ್ರಾವ ನಿಂತಿರಲಿಲ್ಲ. ರಕ್ತ ತರಿಸಲು ಮೊದಲು ಅವರ ಗುಂಪು ತಿಳಿಯಬೇಕಿತ್ತು. ಅವರ ಟ್ಯೂಬು ಇನ್ನೆರಡರ ಜೊತೆ ಸ್ಟ್ಯಾಂಡಿನಲ್ಲಿತ್ತು. ಒಂದರ ಮುಚ್ಚಳ ಸಡಿಲಾಗಿ ರಕ್ತ ಸೋರಿ ಮೂರಕ್ಕೂ ಹತ್ತಿತ್ತು. ಸುನಂದಾ ಅವನ್ನು ತಟ್ಟೆಗೆ ತೆಗೆದು, ರೂಢಿಯಂತೆ ಸ್ಪಿರಿಟ್ ಹತ್ತಿಯಿಂದ ಒರೆಸಿದರು.

ನನ್ನ ಕಣ್ಣೆದುರೇ ಮೂರೂ ಲೇಬಲ್ ಪೂರ್ತಿ ಕಪ್ಪಾದವು. ಸ್ಪಿರಿಟ್ ತಗುಲಿದರೂ ಆ ಕಾಗದ ಕಪ್ಪಾಗುತ್ತದೆ. ಅದು ನನಗೆ ಗೊತ್ತಿತ್ತು. ಯಂತ್ರ ಆರಿಸುವಾಗ ಅದನ್ನು ಯೋಚಿಸಿರಲಿಲ್ಲ.

ಸ್ಕ್ಯಾನರ್ ಹಿಡಿದೆ. ಮೂರು ಸಲ ಹಿಡಿದರೂ, ಓದಿದಾಗ ಬರುವ ‘ಬೀಪ್’ ಸದ್ದಿಲ್ಲ. ಬಾಗಿಲಲ್ಲಿ ಆ ಬಾಣಂತಿಯ ಗಂಡ, ಮೈಮೇಲೆ ಒದ್ದೆ ರೇನ್‌ಕೋಟ್. “ಏನಾತ್ರಿ? ರಕ್ತ ಇಲ್ಲೇ ಐತಲ್ಲ, ಲವಕರ, ಜಲ್ದಿ ಹೇಳ್ರಿ!”

ನಾನು ಬಾಯಿ ಹಾಕಿದೆ: “ಮೇಡಂ, ನಡುವಿಂದು ಅವರದರಿ. ನೀವು ಇಡೂದು ನಾ ನೋಡೇನಿ.”

“ಖರೇನ ನೋಡೀರಿ? ಆಣಿ ಮಾಡ್ತೀರೇನು?”

ನಾನು ಸ್ಕ್ಯಾನರನ್ನು ಮೇಜಿನ ಮೇಲಿಟ್ಟೆ.

“ಹಂಗಾದ್ರ ಸುಮ್ಮ ಕೂಡ್ರಿ.” ಮೂರೂ ಟ್ಯೂಬು ಬದಿಗಿಟ್ಟು, ಹೊಸ ಸೂಜಿ ಹಿಡಿದು ಮೆಟ್ಟಿಲು ಹತ್ತಿದರು. ಇಳಿದು ಬರುವಾಗ ಕೈಯಲ್ಲಿದ್ದ ಟ್ಯೂಬಿನ ಮೇಲೆ ಪೆನ್ನಿನಲ್ಲಿ ‘ಚಂದಗಡ’ ಎಂದಿತ್ತು.

ಹನ್ನೆರಡು ನಿಮಿಷ ಹೋಯಿತು. ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದೆ. ಗುಂಪು ಓ ಪಾಸಿಟಿವ್. ಗಂಡ ಚೀಟಿ ಹಿಡಿದು ಓಡಿದ. ರಕ್ತ ಬಂತು, ಸಂಜೆ ನಾಲ್ಕಕ್ಕೆ ಆಕೆ ಅಪಾಯದಿಂದ ಪಾರಾದ ಸುದ್ದಿಯೂ ಬಂತು.

ಆಮೇಲೆ ಸುನಂದಾ, ನಾನು ತೋರಿಸಿದ್ದ ಟ್ಯೂಬನ್ನು ಪರೀಕ್ಷಿಸಿದರು. ಬಿ ಪಾಸಿಟಿವ್.

“ರಕ್ತ ಏರಿಸೂ ಮುಂಚೆ ಇನ್ನೊಮ್ಮೆ ತಾಳೆ ನೋಡ್ತಾರ, ಅಲ್ಲಿ ತಪ್ಪು ಸಿಗತಿತ್ತು ಖರೆ,” ಎಂದರು. “ಆದ್ರ ನೀವು ‘ನೋಡೇನಿ’ ಅಂದಿದ್ರಿ.”

ಮರುವಾರ ಆ ಪ್ರಿಂಟರ್ ವಾಪಸ್ ತಂದು, ರೆಸಿನ್ ಶಾಯಿಯ ರಿಬ್ಬನ್ನಿನಿಂದ ಪ್ಲಾಸ್ಟಿಕ್ ಲೇಬಲ್ ಮೇಲೆ ಅಚ್ಚು ಒತ್ತುವ ಥರ್ಮಲ್ ಟ್ರಾನ್ಸ್‌ಫರ್ ಯಂತ್ರ ಕೂಡಿಸಿದೆ. ಹತ್ತು ಸಲ ಸ್ಪಿರಿಟ್ ಹಚ್ಚಿ ಒರೆಸಿದ ಮೇಲೂ ಸ್ಕ್ಯಾನರ್ ಓದಿತು. ಲೇಬಲಿನ ಅಂಚಿನಲ್ಲಿ ಊರಿನ ಹೆಸರಿಗೆ ಖಾಲಿ ಜಾಗ ಬಿಡಿಸಿದೆ.

ಈಗ ಯಾರಾದರೂ ಪ್ರಿಂಟರ್ ಕೇಳಿದರೆ, ಲೇಬಲಿಗೆ ಏನೇನು ತಗುಲುತ್ತದೆ ಎಂದು ಮೊದಲು ಅವರ ಕೆಲಸದ ಜಾಗಕ್ಕೆ ಹೋಗಿ ನೋಡುತ್ತೇನೆ. ಚೀಲದಲ್ಲಿ ಸ್ಪಿರಿಟಿನ ಬಾಟಲಿ ಇರುತ್ತದೆ. ಯಂತ್ರದ ಆಯ್ಕೆಯ ಪಾಠ ಅಷ್ಟೇ. ಇನ್ನೊಂದನ್ನು ಕಲಿಯಲು ನನಗೆ ಹೆಚ್ಚು ಕಾಲ ಬೇಕಾಯಿತು. ಓದಲಾಗದಿದ್ದರೆ ಸ್ಕ್ಯಾನರ್ ಸುಮ್ಮನಿರುತ್ತದೆ. ಅಂದು ನಾನು ಸುಮ್ಮನಿರಲಿಲ್ಲ.