ಬೆನ್ನೊಳಗಿನ ಬಾಡಿಗೆದಾರ

ಸುಮ್ಮನೆ ಕೂರುವುದು ನನ್ನಿಂದಾಗದ ಕೆಲಸ. ಯಶವಂತಪುರದಲ್ಲಿ ಬಸ್ಸು ಸ್ವಲ್ಪ ತಡವಾದರೆ ಮುಂದಿನ ಸ್ಟಾಪಿಗೆ ನಡೆಯಲು ಹೊರಟು, ಅರ್ಧ ದಾರಿಯಲ್ಲಿ ಅದೇ ಬಸ್ಸು ನನ್ನನ್ನು ದಾಟಿಹೋಗುವುದನ್ನು ನೋಡುವವನು ನಾನು. ಅಂಥವನ ಬೆನ್ನೊಳಗೆ ಬಾಲ್ಯದಿಂದ ಯಾರೋ ಮಿಸುಕಾಡದೆ ಕೂತಿದ್ದರೆಂದರೆ ನೀವು ನಂಬಲಾರಿರಿ.

ಐದಾರು ವರ್ಷದ ಹಿಂದಿನ ಮಾತು, ಎಂಬತ್ತರ ಬೇಸಿಗೆ. ನಾನು, ಹೆಂಡತಿ, ವರ್ಷ ತುಂಬದ ಮಗಳು ಯಲಹಂಕದ ಬಾಡಿಗೆ ಮನೆಯಲ್ಲಿದ್ದೆವು. ಎಡಪಕ್ಕೆ ಉರಿದು, ಬೆನ್ನಿನಿಂದ ಹೊಟ್ಟೆಯ ಕಡೆಗೆ ಗುಳ್ಳೆಗಳು ಸಾಲುಗಟ್ಟಿದವು. ರಾಜಾನುಕುಂಟೆಯಿಂದ ಬಂದಿದ್ದ ಅಮ್ಮ ಅಂಗಿ ಎತ್ತಿ ನೋಡಿದವಳೇ ಹೌಹಾರಿದಳು.

"ಸರ್ಪಸುತ್ತು ಕಣ್ ಮಗಾ! ಇಂಗೇ ಬಿಟ್ರೆ ಸೊಂಟ ಸುತ್ಕೊಂಡು ತಲೆ ಬಾಲ ಸೇರ್ಬಿಡ್ತದೆ. ಸೇರಿದ್ರೆ ಉಳಿಯಾಕಿಲ್ಲ."

ಹಾವು ದಾಟದಿರಲೆಂದು ಕೆಮ್ಮಣ್ಣು ಕಲಸಿ ಸಾಲಿನ ಎರಡೂ ತುದಿಗೆ ಅಡ್ಡಗೆರೆ ಎಳೆದಳು. ನಾನು ಕೆಂಪು ಪಟ್ಟೆಯೊಂದಿಗೇ ಡಾಕ್ಟರ ಮುಂದೆ ಕೂತೆ.

"ಚಿಕ್ಕೋರಿದ್ದಾಗ ನಿಮಗೆ ಅಮ್ಮ ಆಗಿತ್ತಲ್ವಾ, ಚಿಕನ್ ಪಾಕ್ಸು? ಅದೇ ವೈರಸ್ ಕಣ್ರೀ. ಹೋಗೇ ಇರ್ಲಿಲ್ಲ," ಎಂದರು ಅವರು. "ಒಂದೇ ಪಕ್ಕದ ನರ ಹಿಡ್ಕೊಂಡು ಬರತ್ತೆ, ತಲೆ ಬಾಲ ಸೇರಲ್ಲ. ಆದ್ರೆ ಗುಳ್ಳೆ ಒಣಗೋವರೆಗೂ ಮಗೂನ ಮುಟ್ಬೇಡಿ. ಅವಳಿಗೂ ಅಮ್ಮ ಆಗ್ಬಿಡತ್ತೆ."

ಅವರು ತಿಳಿಸಿದ್ದು ಇಷ್ಟು. ರಕ್ತದಲ್ಲಿ ಕಾವಲಿನವರು ಸದಾ ತಿರುಗುತ್ತಿರುತ್ತಾರೆ. ಬೇರೆ ವೈರಸ್ಸುಗಳು ಸಂತಾನ ಬೆಳೆಸುವ ಗಲಾಟೆಯಲ್ಲಿ ಅವರ ಕೈಗೆ ಸಿಕ್ಕಿಬೀಳುತ್ತವೆ. ಈ ಜಾಣ ವೈರಸ್ಸು ಮಾತ್ರ ಬೆನ್ನುಮೂಳೆಯ ಪಕ್ಕದ ನರದ ಗಂಟಿಗೆ ನುಸುಳಿ, ಸಂತಾನದ ಗೊಡವೆಯನ್ನೇ ಬಿಟ್ಟು ಬಾಯಿ ಮುಚ್ಚಿಕೊಂಡು ಕೂತುಬಿಡುತ್ತದೆ. ಸದ್ದಿಲ್ಲದ ಬಾಡಿಗೆದಾರನ ಬಾಗಿಲನ್ನು ಯಾರು ತಟ್ಟುತ್ತಾರೆ? ಕಾವಲು ಸಡಿಲವಾದ ದಿನ ಅದು ಎದ್ದು ಹೊರಬರುತ್ತದೆ. ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಅಷ್ಟು ತಾಳ್ಮೆ ನನಗಿದ್ದಿದ್ದರೆ ಎಷ್ಟು ಬಸ್ಸು ಸಿಗುತ್ತಿದ್ದವೋ!

ಮಗಳು ಆಗಷ್ಟೇ ಅಂಬೆಗಾಲಿಡುತ್ತಿದ್ದಳು. ನಾನು ಕೋಣೆಯೊಳಗೆ, ಅವಳು ಹೊರಗೆ. ಅವಳು ಬಾಗಿಲು ಬಡಿದಾಗಲೆಲ್ಲ ನಾನು ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ಓಡಾಡುತ್ತಿದ್ದೆ. ಅವಳನ್ನು ಎತ್ತಿಕೊಳ್ಳಲಾಗದ ಸಂಕಟ ಆ ಉರಿಗಿಂತ ಹೆಚ್ಚಿನದಾಗಿತ್ತು.

ತಲೆ ಬಾಲ ಸೇರುವುದಿಲ್ಲವೆಂದು ಡಾಕ್ಟರು ಹೇಳಿದ್ದು ತಲೆಗೆ ಹೋಗಿತ್ತು, ಎದೆಗೆ ಇಳಿದಿರಲಿಲ್ಲ. ಬೆಳಗಾದರೆ ನಾನು ಚಾಪೆಯ ಮೇಲೆ ಕೂರಬೇಕು, ಹೆಂಡತಿ ಕನ್ನಡಿ ಹಿಡಿಯಬೇಕು, ಅಮ್ಮ ಹೊಸದಾಗಿ ಕೆಮ್ಮಣ್ಣು ಬಳಿಯಬೇಕು. ಎಲ್ಲರ ಕಣ್ಣೂ ಆ ಹಾವಿನ ತಲೆಯ ಮೇಲೆ. ಒಂದು ದಿನ ಹಾಗೆ ನೋಡುತ್ತಿರುವಾಗ ನನ್ನ ಬೆನ್ನಿಗೆ ಎರಡು ಪುಟ್ಟ ಕೈಗಳು ತಾಗಿದವು. ಓರೆಯಾಗಿದ್ದ ಬಾಗಿಲಿನಿಂದ ನುಸುಳಿದ ಮಗಳು ನನ್ನನ್ನೇ ಆಸರೆ ಮಾಡಿಕೊಂಡು ಮೊದಲ ಸಲ ಎದ್ದು ನಿಂತಿದ್ದಳು. ಅಂಗೈ ತುಂಬ ಕೆಮ್ಮಣ್ಣು.

"ಅಯ್ಯೋ, ನಿಂತ್ಬಿಟ್ಳು ಕಣ್ರೀ!" ಎಂದು ಹೆಂಡತಿ ನಕ್ಕಳು, ಮರುಕ್ಷಣವೇ ಅತ್ತಳು.

ಎರಡು ವಾರದ ಮೇಲೆ ಮಗುವಿನ ಮೈತುಂಬ ಗುಳ್ಳೆ ಎದ್ದವು. ಅಮ್ಮ ಬೇವಿನಸೊಪ್ಪು ಹಾಸಿದಳು. ಇನ್ನು ದೂರವಿದ್ದು ಫಲವಿರಲಿಲ್ಲ. ಜ್ವರ ಇಳಿಯುವವರೆಗೂ ಅವಳನ್ನು ಹೆಗಲಿಗೆ ಹಾಕಿಕೊಂಡು ಅದೇ ಕೋಣೆಯಲ್ಲಿ ತಿರುಗಿದೆ. ದೇವರು ದೊಡ್ಡವನು, ಗುಣವಾದಳು.

ಈಗವಳು ಶಾಲೆಗೆ ಹೋಗುತ್ತಾಳೆ. ಬಣ್ಣ ತಾಯಿಯದು, ಮೂಗು ಅಜ್ಜಿಯದು. ಅಪ್ಪನದೇನು ಬಂದಿದೆ ಎಂದು ನೆಂಟರು ಹುಡುಕುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ನಾನು ಕೊಟ್ಟದ್ದು ಅವಳ ಬೆನ್ನೊಳಗೆ ಕೂತಿದೆ, ನಾನು ಹೋದ ಮೇಲೂ ಕೂತಿರುತ್ತದೆ. ಮಕ್ಕಳು ತಮ್ಮನ್ನು ನೆನೆಯಲಿ ಎಂದು ಎಲ್ಲ ಅಪ್ಪಂದಿರೂ ಬೇಡಿಕೊಳ್ಳುತ್ತಾರಂತೆ. ನಾನು ಮಾತ್ರ, ಇವಳಿಗೆ ನನ್ನ ನೆನಪು ಮಾಡಿಕೊಡಲು ಅದು ಎಂದೂ ಏಳದಿರಲಿ ಎಂದು ಬೇಡಿಕೊಳ್ಳುತ್ತೇನೆ.